ಟ್ಯಾಬಿಗೆ ಹಾಕಿದ ಬೀಗ

ಭಜನೆಯ ನಡುವೆ ಬಾಯಿ ಹಾಕಿದ್ದು ಮನುಷ್ಯನಾಗಿದ್ದರೆ ಕಾರವಾರದ ಕೋಡಿಬಾಗದವರು ಒಂದು ಮಾತು ಬೈದು ಮರೆತುಬಿಡುತ್ತಿದ್ದರು. ಬಾಯಿ ಹಾಕಿದ್ದು ಮಂಗೇಶನ ಟ್ಯಾಬು. ಅದನ್ನು ಮರೆಯುವುದು ಹೇಗೆ?

ಅದು ಕಳೆದ ವರ್ಷದ ಸಪ್ತಾಹದಲ್ಲಿ ಆದ ಕತೆ. ಸಪ್ತಾಹವೆಂದರೆ ಕೇರಿಯ ದೇವಸ್ಥಾನದಲ್ಲಿ ಏಳು ದಿನ, ಹಗಲೂ ರಾತ್ರಿ, ಭಜನೆ ನಿಲ್ಲುವಂತಿಲ್ಲ. ನಡುವೆ ಹಚ್ಚಿಟ್ಟ ದೀಪ ಆರುವಂತಿಲ್ಲ. ಮನೆಮನೆಗೂ ಪಾಳಿ ಹಂಚಿರುತ್ತದೆ. ಮಂಗೇಶನ ಮನೆಗೆ ಅಪ್ಪನ ಕಾಲದಿಂದ ಬಂದದ್ದು ಕೊನೆಯ ದಿನದ ಮಧ್ಯಾಹ್ನದ ಪಾಳಿ, ಅಂದರೆ ಊಟವಾಗಿ ಇಡೀ ಕೇರಿ ಚಾಪೆ ಹಾಸುವ ಹೊತ್ತು. ಅಪ್ಪ ಕಣ್ಣು ಮುಚ್ಚಿ ಕೂತರೆ ಪದದ ಮೇಲೆ ಪದ ಬರುತ್ತಿತ್ತು. ಮಗನಿಗೆ ಅಪ್ಪನ ಕಂಠ ಬಂತು, ಪದ ಬರಲಿಲ್ಲ. ಅದಕ್ಕೇ ಅವನು ಟ್ಯಾಬಿನಲ್ಲಿ ಭಜನೆ ಪದಗಳ ಒಂದು ಆ್ಯಪ್ ಹಾಕಿಕೊಂಡು ನೋಡಿ ಹಾಡುತ್ತಿದ್ದ. ಹೋದ ವರ್ಷ ದೇವರ ಹೆಸರನ್ನು ಮೇಲಕ್ಕೆತ್ತಿ ಹಾಡಿ, ಉಸಿರು ತೆಗೆದುಕೊಳ್ಳಲು ನಿಂತನೋ ಇಲ್ಲವೋ, ಟ್ಯಾಬಿನೊಳಗಿಂದ ಒಬ್ಬ ಹೆಂಗಸು ನಿಮ್ಮ ಬಾಯಿ ವಾಸನೆ ಬರುತ್ತದೆಯೇ ಎಂದು ಇಡೀ ಮಂಟಪಕ್ಕೆ ಕೇಳುವಂತೆ ವಿಚಾರಿಸಿದಳು.

ಭಜನಾ ಮಂಡಳಿಯ ಹಿರಿಯ ಜಟ್ಟಪ್ಪ ಕಾಕಾ ಅಂದೇ ತೀರ್ಪು ಕೊಟ್ಟಿದ್ದ. ಇನ್ನೊಂದು ಸಲ ಆ ಯಂತ್ರ ಭಜನೆಯಲ್ಲಿ ಮಾತಾಡಿದರೆ ಪಾಳಿ ಮಂಗೇಶನ ಮನೆಯಿಂದ ಕಿತ್ತು ಪಕ್ಕದ ಮನೆಯ ವಿಕಾಸನಿಗೆ. ವಿಕಾಸ ತಾಳ ಹಾಕುವುದರಲ್ಲಿ ಗಟ್ಟಿಗ, ಆದರೆ ಅವನ ಮನೆಗೆ ಪಾಳಿ ಇಲ್ಲ. ಎಷ್ಟೋ ವರ್ಷದಿಂದ ಒಂದು ಪಾಳಿಗಾಗಿ ಬಾಯಿ ಬಿಡುತ್ತಿದ್ದ ಅವನು ಆ ಮಾತು ಕೇಳಿದ ದಿನದಿಂದ ಮಂಗೇಶನ ಟ್ಯಾಬಿನ ಆರೋಗ್ಯವನ್ನು ಬಹಳ ಪ್ರೀತಿಯಿಂದ ವಿಚಾರಿಸತೊಡಗಿದ.

ಮಂಗೇಶನಿಗೆ ಇದು ಬರಿಯ ಮರ್ಯಾದೆಯ ಮಾತಲ್ಲ. ಅಪ್ಪ ಬಿಟ್ಟುಹೋದದ್ದರಲ್ಲಿ ಕೈಗೆ ಸಿಗದ, ಆದರೆ ಕಳೆದುಕೊಳ್ಳಬಾರದ ವಸ್ತು ಅಂತ ಇದ್ದರೆ ಅದು ಈ ಪಾಳಿ. ಅದು ತನ್ನ ಕಾಲಕ್ಕೆ ಹೋಯಿತು ಅಂದರೆ ಯಾವ ಮೋರೆ ಹೊತ್ತು ದೇವಸ್ಥಾನದ ಮುಂದೆ ಹಾಯುವುದು?

ಅವನ ಚಿಂತೆಗೆ ಮದ್ದು ಕೊಟ್ಟವನು ಕಚೇರಿಯಲ್ಲಿ ಪಕ್ಕದ ಕುರ್ಚಿಯ ಉಮೇಶ. ಟ್ಯಾಬಿನ ಬದಿಯ ಗುಂಡಿಯನ್ನು ಮೂರು ಸಲ ಟಕಟಕ ಒತ್ತಿದರೆ ಆಯಿತು, ಆಗ ಯಾವ ಆ್ಯಪ್ ತೆರೆದಿದೆಯೋ ಅದಕ್ಕೇ ಟ್ಯಾಬು ಕಟ್ಟುಬೀಳುತ್ತದೆ. ಜಾಹೀರಾತಿಲ್ಲ, ಕರೆಯಿಲ್ಲ, ಬೇರೆ ಆ್ಯಪಿಗೆ ಹೋಗುವ ದಾರಿಯೇ ಇಲ್ಲ. ಬಿಡಿಸಬೇಕೆಂದರೆ ನಾಲ್ಕಂಕಿಯ ಒಂದು ನಂಬರು ಬೇಕು. ಪತಿವ್ರತೆ ಎಂದರೆ ಹೀಗಿರಬೇಕು ಎಂದು ಮಂಗೇಶ ಮೆಚ್ಚಿಕೊಂಡ.

ಆದರೆ ಆ ನಂಬರನ್ನು ಅವನು ತಾನು ಹಾಕಲಿಲ್ಲ, ಹೆಂಡತಿ ರೂಪಾಲಿಯ ಕೈಲಿ ಹಾಕಿಸಿದ. ಅದಕ್ಕೆ ಕಾರಣವಿತ್ತು. ಸಪ್ತಾಹದ ಏಳು ದಿನ ಕೇರಿಯ ಯಾವ ಮನೆಯಲ್ಲೂ ಮೀನಿಲ್ಲ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಕೂತು ಹೆಸರುಕಾಳು ತಿನ್ನುವ ಸಂಕಟ ತಿಂದವರಿಗೇ ಗೊತ್ತು. ಮೂರನೆಯ ದಿನಕ್ಕೇ ಮಂಗೇಶನಿಗೆ ತಡೆಯಲಾಗದೆ, ಬಾಗಿಲ ಮರೆಯಲ್ಲಿ ಕೂತು, ಟ್ಯಾಬಿನಲ್ಲಿ ದನಿಯಿಲ್ಲದೆ ತಾನಾಗಿ ಓಡುವ, ಮೀನು ಹುರಿಯುವ ವಿಡಿಯೋ ನೋಡತೊಡಗಿದ್ದ. ತಿನ್ನಬಾರದು ಅಂತ ಇದೆ, ನೋಡಬಾರದು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ ಎಂಬುದು ಅವನ ವಾದ. ವಾದ ಗಟ್ಟಿಯೇ, ಆದರೆ ಯಾರ ಎದುರೂ ಹೇಳುವಂತಿರಲಿಲ್ಲ. ಹಾಡುವಾಗಲೂ ಬೆರಳು ಅತ್ತ ಹೋದರೆ?

ಹೀಗಾಗಿ ಕೊನೆಯ ದಿನ ಬೆಳಿಗ್ಗೆ ಅವನು ಟ್ಯಾಬನ್ನು ಹೆಂಡತಿಯ ಕೈಗೆ ಕೊಟ್ಟು ಹೇಳಿದ: "ನಂಬರು ನೀನೇ ಹಾಕು. ನಂಗೆ ಮಾತ್ರ ಹೇಳಬೇಡ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

ಇಂಥ ಮಾತನ್ನು ಹೆಂಡತಿಯ ಎದುರು ಹೇಳುವ ಗಂಡಸು ಕಾರವಾರದಿಂದ ಅಂಕೋಲೆಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ರೂಪಾಲಿ ಯೋಚನೆಯನ್ನೂ ಮಾಡದೆ ನಾಲ್ಕು ಅಂಕಿ ಒತ್ತಿ, ಭಜನೆಯ ಆ್ಯಪ್ ತೆರೆದು, ಗುಂಡಿ ಮೂರು ಸಲ ಅದುಮಿ ಕೊಟ್ಟಳು.

ಸುದ್ದಿ ಗೋಡೆ ಹಾರಿತು. ಸ್ವಲ್ಪ ಹೊತ್ತಿಗೆ ಮಂಗೇಶನ ಜಗಲಿ ತುಂಬ ಜನ. ವಿಕಾಸ ತನ್ನ ಮೊಬೈಲಿನಿಂದ ವಿಡಿಯೋ ಕರೆ ಮಾಡಿದ. ಟ್ಯಾಬು ತುಟಿ ಬಿಚ್ಚಲಿಲ್ಲ. ಮಂಗೇಶ ಮೇಲೆ ಉಜ್ಜಿದ, ಕೆಳಗೆ ಉಜ್ಜಿದ, ಅದು ಭಜನೆ ಬಿಟ್ಟು ಕದಲಲಿಲ್ಲ. ಬಂದವರಿಗೆಲ್ಲ ತೋರಿಸಬೇಕೆಂದು ರೂಪಾಲಿ ಒಳಗೆ ಹೋಗಿ ಬಿಡಿಸಿ ತರುವುದು, ಮಂಗೇಶ ಮೂರು ಸಲ ಒತ್ತುವುದು, ಹೀಗೆ ಆಟ ನಡೆದೇ ನಡೆಯಿತು. ಮಂಗೇಶನ ಹೆಬ್ಬೆರಳಿಗೆ ಅದು ರೂಢಿಯೇ ಆಗಿಬಿಟ್ಟಿತು.

ಜಟ್ಟಪ್ಪ ಕಾಕಾನೂ ಬಂದ. ಎಂಬತ್ತು ದಾಟಿದ ಮುದುಕ. ಕಣ್ಣಿನ ಪೊರೆ ತೆಗೆಸಿ ಇನ್ನೂ ದಿನ ತುಂಬಿರಲಿಲ್ಲ, ಕಪ್ಪು ಕನ್ನಡಕ. ಹತ್ತಿರದ್ದು ಕಾಣಿಸದು, ಕಿವಿ ಮಾತ್ರ ಇರುವೆ ನಡೆದದ್ದನ್ನೂ ಕೇಳೀತು. ಟ್ಯಾಬನ್ನು ಕೈಯಲ್ಲಿ ಸವರಿ ನೋಡಿ ಅವನು ಹೇಳಿದ: "ಒಂದೇ ಕೆಲಸ ಹಿಡಿದು ಬೇರೆದಕ್ಕೆ ಬಾಯಿ ಬಿಡೂದಿಲ್ಲ ಅಂತಾದ್ರೆ, ಇದು ನಿನ್ನಕ್ಕಿಂತ ಶಾಣ್ಯಾ ಮಾರಾಯಾ."

ಎಲ್ಲರೂ ನಕ್ಕರು. ಆಮೇಲೆ ಕಾಕಾ ಪ್ರತಿವರ್ಷದ ತನ್ನ ಹಳೆಯ ದುಃಖ ತೆಗೆದ. ಅವನ ಅಪ್ಪನ ಕಾಲಕ್ಕೆ ಇಲ್ಲಿ ಜೋಡು ಸಪ್ತಾಹ ನಡೆಯುತ್ತಿತ್ತಂತೆ, ಒಂದರ ಬೆನ್ನಿಗೆ ಇನ್ನೊಂದು. ಮಧ್ಯಾಹ್ನದ ಪಾಳಿಗೆ ಜನ ಬರುವುದು ನಿಂತ ಮೇಲೆ ಅದೂ ನಿಂತಿತು. ಮಧ್ಯಾಹ್ನದಲ್ಲಿ ಮಂಟಪ ತುಂಬಿದ್ದನ್ನು ಒಂದು ಸಲ ನೋಡಿದರೆ ಸಾಕು, ಅಂದೇ ದೇವರ ಹತ್ತಿರ ಕೇಳಿ ಜೋಡು ಸಪ್ತಾಹ ಮತ್ತೆ ಶುರು ಮಾಡುತ್ತೇನೆ ಅಂದ. ಎಲ್ಲರೂ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದರು. ಮಧ್ಯಾಹ್ನದಲ್ಲಿ ಮಂಟಪ ತುಂಬುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

ಜನ ಹೋದ ಮೇಲೆ ಮಂಗೇಶ ತನ್ನ ಹಳೆಯ ಗುಂಡಿ ಫೋನು ತೆಗೆದು ಸೋಮಿಗೆ ಹಚ್ಚಿದ. ಸೋಮಿ ಆ ಕೇರಿಗೆ ಮೀನು ತರುವವಳು. ಅವಳ ನಂಬರು ಗೊತ್ತಿಲ್ಲದ ಹೆಂಗಸು ಕೋಡಿಬಾಗದಲ್ಲಿಲ್ಲ. ನಾಳೆ ಬೆಳಿಗ್ಗೆ ಮಂಗಳಾರತಿ ಆದ ಕೂಡಲೇ ಒಂದು ಒಳ್ಳೆಯ ಇಸವಾಣ ಮೀನು ತನ್ನ ಮನೆಗೇ ಬರಬೇಕು ಎಂದು ಪಿಸುಗುಟ್ಟಿದ. ಅಲ್ಲಿಗೆ ಎಲ್ಲ ಸುಸೂತ್ರ.

ಆಗ ಅಂಕೋಲೆಯಿಂದ ಫೋನು ಬಂತು. ಅಲ್ಲಿನ ಬೊಬ್ರುವಾಡದ ಅತ್ತೆ ಗಂಗೂ ಅಳಿಯನ ಭಜನೆ ಕೇಳಬೇಕಂತೆ, ಮಗಳು ಬಂದು ಕರೆದುಕೊಂಡು ಹೋಗಬೇಕಂತೆ. ರೂಪಾಲಿ ಟ್ಯಾಬಿನ ಬೀಗ ಬಿಡಿಸಿ ತಾಯಿಯ ಮುಖ ನೋಡಿ ಮಾತಾಡಿದಳು, ಊಟ ಮುಚ್ಚಿಟ್ಟಳು, ಭಜನೆಯ ಹೊತ್ತಿಗೆ ನೇರ ಮಂಟಪಕ್ಕೇ ಬರುತ್ತೇನೆ ಎಂದು ಬಸ್ಸಿಗೆ ಓಡಿದಳು. ಓಡುವ ಗಡಿಬಿಡಿಯಲ್ಲಿ ಎರಡು ವಿಷಯ ಮರೆತಳು. ಟ್ಯಾಬಿಗೆ ಮತ್ತೆ ಬೀಗ ಹಾಕಲಿಲ್ಲ. ತನ್ನ ಮೊಬೈಲನ್ನು ಫ್ರಿಜ್ಜಿನ ಮೇಲೆ ಬಿಟ್ಟಳು.

ಮಂಗೇಶ ಊಟಕ್ಕೆ ಕೂತ. ಮುಚ್ಚಳ ತೆಗೆದರೆ ಹೆಸರುಕಾಳು. ಪಕ್ಕದಲ್ಲಿ ಬೀಗವಿಲ್ಲದ ಟ್ಯಾಬು. ಒಂದೇ ಒಂದು ವಿಡಿಯೋ ಅಂತ ತನಗೆ ತಾನೇ ಆಣೆ ಹಾಕಿಕೊಂಡು ತೆರೆದ. ಬಾಂಗಡೆಗೆ ಕೆಂಪು ಮಸಾಲೆ ಬಳಿದು, ರವೆಯಲ್ಲಿ ಹೊರಳಿಸಿ, ತವೆಯ ಮೇಲೆ ಮಲಗಿಸುತ್ತಿದ್ದರು. ಅವನು ಒಂದು ಸಲ ಅತ್ತ ನೋಡುವುದು, ಒಂದು ತುತ್ತು ಉಣ್ಣುವುದು. ಹೀಗೆ ಉಂಡರೆ ಹೆಸರುಕಾಳೂ ಪರವಾಗಿಲ್ಲ ಎಂಬ ಮಹಾಜ್ಞಾನ ಅವನಿಗೆ ಆಗುತ್ತಿರುವಾಗಲೇ ಬಾಗಿಲಲ್ಲಿ ಜಟ್ಟಪ್ಪ ಕಾಕಾನ ಕೆಮ್ಮು ಕೇಳಿಸಿತು.

ಕಾಕಾನ ಕಣ್ಣಿಗೆ ಟ್ಯಾಬಿನ ಪರದೆ ಕಾಣದು ಎಂಬುದು ಆ ಗಳಿಗೆಯಲ್ಲಿ ಮಂಗೇಶನಿಗೆ ಹೊಳೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಟ್ಯಾಬು ಆರಿಸಲು ಹೋದ ಹೆಬ್ಬೆರಳು ಬೆಳಗಿನಿಂದ ಕಲಿತ ಪಾಠವನ್ನೇ ಮಾಡಿತು. ಟಕ್, ಟಕ್, ಟಕ್.

ಕಾಕಾ ಪಾಳಿಯ ಹೊತ್ತು ನೆನಪಿಸಿ ಹೋದ. ಮಂಗೇಶ ಕೈ ತೊಳೆದು ಬಂದು ಟ್ಯಾಬು ನೋಡಿದ. ಬಾಂಗಡೆ ತವೆಯ ಮೇಲೆ ಮಗ್ಗುಲು ಬದಲಿಸುತ್ತಿತ್ತು. ಮೇಲೆ ಉಜ್ಜಿದ, ಕೆಳಗೆ ಉಜ್ಜಿದ. ಅದು ಮುಗಿದು ಶೆಟ್ಲಿ, ಅಂದರೆ ಸಿಗಡಿ, ಬಂತು, ಶೆಟ್ಲಿ ಮುಗಿದು ನೋಗಲಿ ಮೀನು ಬಂತು. ಟ್ಯಾಬು ಒಂದೇ ಕೆಲಸ ಹಿಡಿದು, ಬೇರೆದಕ್ಕೆ ಬಾಯಿ ಬಿಡದೆ, ಮೀನು ಹುರಿಯುತ್ತಲೇ ಇತ್ತು.

ರೂಪಾಲಿಗೆ ಫೋನು ಹಚ್ಚಿದರೆ ಫ್ರಿಜ್ಜಿನ ಮೇಲೆ ಗಂಟೆ ಬಾರಿಸಿತು. ಅತ್ತೆಗೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಇನ್ನು ನಂಬರನ್ನು ತಾನೇ ಊಹಿಸಬೇಕು. ಮದುವೆಯ ತಾರೀಕು ಒತ್ತಿದ, ಅಲ್ಲ. ಅವಳ ಹುಟ್ಟಿದ ದಿನ ಒತ್ತಿದ, ಅಲ್ಲ. ಅದು ಅವಳದೋ ಅವಳ ತಂಗಿಯದೋ ಎಂಬ ಸಂಶಯವೂ ಆಗ ಹುಟ್ಟಿತು. ಸ್ಕೂಟರಿನ ನಂಬರು ಒತ್ತಿದ, ಗ್ಯಾಸಿನ ಪುಸ್ತಕ ತೆಗೆದು ಅದರ ನಂಬರೂ ಒತ್ತಿದ. ಕೊನೆಗೆ ಟ್ಯಾಬಿಗೇ ಬೇಜಾರು ಬಂದು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಮುಖ ತಿರುಗಿಸಿತು. ಬಿಡಲು ಹೊತ್ತೆಲ್ಲಿದೆ? ದೇವಸ್ಥಾನದಲ್ಲಿ ಅವನ ಹಿಂದಿನ ಪಾಳಿಯವರು ಕೊನೆಯ ಪದಕ್ಕೆ ಬಂದಿದ್ದರು.

ಟ್ಯಾಬು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ ಬೆಳಿಗ್ಗೆ ಇಡೀ ಕೇರಿಗೆ ಅದರ ಗುಣಗಾನ ಮಾಡಿಯಾಗಿದೆ. ಅವನು ಗುಂಡಿ ಒಂದೇ ಸಲ ಮೆಲ್ಲಗೆ ಒತ್ತಿ ಪರದೆ ಕಪ್ಪಾಗಿಸಿ, ಕಂಕುಳಲ್ಲಿ ಇಟ್ಟುಕೊಂಡು ನಡೆದ.

ಮಂಟಪದಲ್ಲಿ ಎಂದಿನ ಮಧ್ಯಾಹ್ನ. ಜಟ್ಟಪ್ಪ ಕಾಕಾ ಕಂಬಕ್ಕೆ ಒರಗಿದ್ದ. ಮೃದಂಗದ ಹೊನ್ನ ಕಣ್ಣು ಮುಚ್ಚಿಯೇ ಬಾರಿಸುತ್ತಿದ್ದ. ಅದು ಭಕ್ತಿಯೋ ನಿದ್ದೆಯೋ ಹೇಳುವಂತಿರಲಿಲ್ಲ. ತಾಳ ಹಿಡಿದ ವಿಕಾಸ ಮಾತ್ರ ಪೂರ್ತಿ ಎಚ್ಚರವಾಗಿದ್ದ. ಮಂಗೇಶ ದೀಪದ ಮುಂದೆ ಕೂತು ಟ್ಯಾಬನ್ನು ಪುಸ್ತಕದ ಪೀಠದ ಮೇಲೆ ಕಪ್ಪಾಗಿಯೇ ಇಟ್ಟ. ಒಮ್ಮೆ ಕೂತ ಮೇಲೆ ಮುಂದಿನ ಪಾಳಿಯವರು ಬಂದು ಕೂರುವ ತನಕ ಏಳುವಂತಿಲ್ಲ, ಇದು ಸಪ್ತಾಹದ ನಿಯಮ. ಪದ ಒಂದೂ ನೆನಪಿಗೆ ಬರಲಿಲ್ಲ. ದೇವರ ಹೆಸರೊಂದು ನೆನಪಿತ್ತು, ಅದನ್ನೇ ಹಿಡಿದ. "ವಿಠ್ಠಲ, ವಿಠ್ಠಲ."

ಕಂಠಕ್ಕೇನು, ಅಪ್ಪನದೇ. ಒಂದೇ ಹೆಸರನ್ನು ಅವನು ಮೇಲೆ ಒಯ್ದ, ಕೆಳಗೆ ತಂದ, ತಿರುಗಿಸಿ ಹಾಡಿದ. ಇದೇ ರೀತಿ ಹೊತ್ತು ಕಳೆದೀತು ಎಂಬ ಆಸೆ ಮೂಡುವಷ್ಟರಲ್ಲಿ ವಿಕಾಸ ಮುಂದೆ ಬಾಗಿ, ಪದ ಕಾಣ್ತಾ ಇಲ್ಲವಲ್ಲಾ ಎಂದು ಕಿವಿಯಲ್ಲಿ ಉಸುರಿ, ಉಪಕಾರ ಮಾಡುವವನಂತೆ ಟ್ಯಾಬಿನ ಪರದೆ ಮುಟ್ಟಿದ.

ಬೆಳಕಾಯಿತು. ಕಬ್ಬಿಣದ ತವೆ, ಕಾದ ಎಣ್ಣೆ, ಅದರಲ್ಲಿ ಅಂಗೈಯಗಲದ ಇಸವಾಣದ ತುಂಡು.

ಹುಟ್ಟಿದ ಮೇಲೆ ತಾಳ ತಪ್ಪದ ವಿಕಾಸನ ತಾಳ ತಪ್ಪಿತು. ಮಂಗೇಶನ ಜೀವ ಬಾಯಿಗೆ ಬಂತು. ಮುಗಿಯಿತು ಕತೆ, ಈಗ ಇವನು ಎದ್ದು ಕೂಗುತ್ತಾನೆ, ಪಾಳಿ ಹೋಯಿತು, ಅಪ್ಪನ ಹೆಸರು ಹೋಯಿತು ಎಂದುಕೊಂಡು ಪರದೆ ಆರಿಸಲು ಕೈ ಚಾಚಿದ. ವಿಕಾಸ ಆ ಕೈಯನ್ನು ಗಪ್ಪನೆ ಹಿಡಿದ.

"ಇರ್ಲಿ ಬಿಡು," ಅಂದ ಮೆಲ್ಲಗೆ. ಜೊಲ್ಲು ನುಂಗಿದ. "ನೀ ಹಾಡು."

ಏಳು ದಿನದ ಹಸಿವಿನ ಮುಂದೆ ಏಳು ವರ್ಷದ ಹಗೆ ಏನು? ವಿಕಾಸ ಕಣ್ಣು ಕೀಳದೆ ನೋಡುತ್ತ ತಾಳ ಹಾಕಿದ. ತವೆಯ ಮೇಲೆ ತುಂಡು ಮಗ್ಗುಲಾದಾಗ ತಾಳವೂ ಮಗ್ಗುಲಾಯಿತು. ನೋಡುವುದಕ್ಕೆ ಇನ್ನಷ್ಟು ಹತ್ತಿರ ಬಂದವನ ಬೆರಳು ಪರದೆಯ ಯಾವ ಮೂಲೆಗೆ ತಾಗಿತೋ, ಟ್ಯಾಬಿಗೆ ದನಿ ಬಂತು. ಚುಂಯ್ ಎಂದು ಎಣ್ಣೆಯ ಸದ್ದು ಮಂಟಪದಲ್ಲೆಲ್ಲ ಹರಡಿತು.

ಜಟ್ಟಪ್ಪ ಕಾಕಾ ಕಂಬದಿಂದ ತಲೆ ಎತ್ತಿದ. "ಎಂತದಾ ಅದು ಸದ್ದು?"

ವಿಕಾಸ ತಾಳವನ್ನು ಬಡಿದ ಬಡಿತಕ್ಕೆ ದೀಪದ ಕುಡಿ ಅಲುಗಿತು. ಜೊತೆಗೆ ದೇವರ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ. ಹೊನ್ನ ಗಾಬರಿಯಿಂದ ಕಣ್ಣು ಬಿಟ್ಟ, ಟ್ಯಾಬು ನೋಡಿದ, ಆಮೇಲೆ ಆ ಕಣ್ಣು ಮುಚ್ಚಲೇ ಇಲ್ಲ. ಮೃದಂಗ ಗುಡುಗಿತು. ದನಿ ಆರಿಸುವ ಗುಂಡಿ ಎಲ್ಲಿದೆಯೆಂದು ಮೂವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಟ್ಯಾಬಿನೊಳಗೆ ಮೀನು ಎಣ್ಣೆಗೆ ಬಿದ್ದಾಗಲೆಲ್ಲ ಮೂವರೂ ಪ್ರಾಣ ಕೊಟ್ಟು ಹಾಡಬೇಕಾಯಿತು. ಮೀನು ಎಣ್ಣೆಗೆ ಬೀಳುತ್ತಲೇ ಇತ್ತು.

ದೀಪಕ್ಕೆ ಎಣ್ಣೆ ಹೊಯ್ಯಲು ಬಂದ ನಿತೇಶ ಮಂಗೇಶನ ಬೆನ್ನ ಹಿಂದೆ ನಿಂತ, ನೋಡಿದ, ಹೊರಗೆ ಹೋದ, ಮನೆಮಂದಿಯನ್ನೆಲ್ಲ ಎಬ್ಬಿಸಿಕೊಂಡು ಬಂದ. ಅವರ ಬೆನ್ನಿಗೆ ಆಚೆ ಮನೆಯವರು ಬಂದರು. ಮೀನು ಅಂತ ಯಾರ ಬಾಯಲ್ಲೂ ಬರಲಿಲ್ಲ. ಮಂಗೇಶನ ಭಜನೆ ಈ ಸಲ ಭಾರಿ ರಂಗಾಗಿದೆ ಎಂದಷ್ಟೇ ಹೇಳಿಕೊಂಡರು. ಚಾಪೆಯ ಮೇಲೆ ಮಲಗಿದ್ದ ಕೇರಿ ಎದ್ದು ಬಂತು. ಬಂದವರೆಲ್ಲ ದೇವರಿಗೆ ಕೈ ಮುಗಿದು, ಸೀದಾ ಮಂಗೇಶನ ಬೆನ್ನ ಹಿಂದೆಯೇ ಕೂತರು. ಎದುರಿಗೆ ಕೂರುವವರೇ ಇಲ್ಲ.

ರೂಪಾಲಿ ತಾಯಿಯನ್ನು ಕರೆದುಕೊಂಡು ಬಂದು ಹೆಂಗಸರ ಕಡೆ ಕೂತಳು. ಅಲ್ಲಿಂದ ಟ್ಯಾಬಿನ ಬೆನ್ನು ಮಾತ್ರ ಕಾಣುತ್ತಿತ್ತು. ಮಂಗೇಶ ಹಾಡುತ್ತಲೇ ಅವಳತ್ತ ನಾಲ್ಕು ಬೆರಳು ಎತ್ತಿ ಕುಣಿಸಿದ, ನಂಬರು ಹೇಳು ಎಂದು. ಅವಳು ನೀರು ಕಳಿಸಿದಳು. ಅವನು ಟ್ಯಾಬು ತೋರಿಸಿ, ಬೀಗ ತಿರುಗಿಸಿದ ಹಾಗೆ ಕೈ ಮಾಡಿದ. ಗಂಟಲು ಕಟ್ಟಿತೇನೋ ಎಂದು ಕಲ್ಲುಸಕ್ಕರೆ ಕಳಿಸಿದಳು. ಕೊನೆಗೆ ಅವನು ಎರಡೂ ಕೈ ಜೋಡಿಸಿ ಅವಳಿಗೇ ನಮಸ್ಕಾರ ಹಾಕಿದಾಗ ಅತ್ತೆ ಗಂಗೂಗೆ ಕಣ್ಣು ತುಂಬಿ ಬಂತು.

"ಹಾಡೂದಷ್ಟೇ ಅಂತ ಮಾಡಿದ್ದೆ," ಅಂದಳು ಮಗಳ ಕಿವಿಯಲ್ಲಿ. "ಅಭಿನಯನೂ ಮಾಡ್ತಾರಲ್ಲೇ ನಿನ್ನ ಗಂಡ."

ಮಂಗೇಶ ಆಸೆ ಬಿಟ್ಟ. ಬಿಟ್ಟ ಮೇಲೆ ಹಾಡು ಇನ್ನೂ ಚೆನ್ನಾಯಿತು. ಬೆನ್ನ ಹಿಂದೆ ಇಡೀ ಕೇರಿ ಒಂದೇ ಕೊರಳಿನಲ್ಲಿ ಎತ್ತಿ ಹಾಡುತ್ತಿತ್ತು. ಅಪ್ಪನ ಕಾಲಕ್ಕೂ ಈ ಮಂಟಪದಲ್ಲಿ ಮಧ್ಯಾಹ್ನ ಇಂಥ ದನಿ ಎದ್ದಿರಲಿಲ್ಲ. ಅಪ್ಪ ಇದನ್ನು ಕೇಳಬೇಕಿತ್ತು ಎಂದು ಅನ್ನಿಸಿ ಅವನ ಕಣ್ಣಲ್ಲಿ ನೀರು ಬಂತು. ತವೆಯ ಮೇಲಿನ ಶೆಟ್ಲಿ ನೋಡಿ ಬಾಯಲ್ಲೂ ನೀರು ಬಂತು. ಯಾವ ನೀರು ಯಾವುದಕ್ಕೆ ಎಂದು ಲೆಕ್ಕ ಹಾಕುವವರು ಹಾಕಲಿ. ಹಸಿದ ಹೊಟ್ಟೆಯಲ್ಲಿ, ಕಣ್ಣೆದುರು ಹುರಿದ ಮೀನು ಇಟ್ಟುಕೊಂಡು, ಮೀನಿನ ಹೆಸರೆತ್ತದೆ ದೇವರ ಹೆಸರನ್ನೇ ಕೂಗುವ ಜನರನ್ನು ಇನ್ನೆಲ್ಲಿ ನೋಡುತ್ತೀರಿ? ಅಂದಿನ ಭಜನೆ ಮಾತ್ರ ಖರೆ ಭಜನೆ.

ಮುಂದಿನ ಪಾಳಿಯವರಿಗೆ ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಅವರು ಹೇಗೋ ನುಗ್ಗಿ ಬಂದು ಕೂತಾಗ ಮಂಗೇಶ ಟ್ಯಾಬನ್ನು ಎದೆಗೆ ಅವುಚಿಕೊಂಡು ಎದ್ದ. ಜನ ನಿಟ್ಟುಸಿರು ಬಿಟ್ಟರು. ಜಟ್ಟಪ್ಪ ಕಾಕಾ ಕಂಬ ಹಿಡಿದು ಎದ್ದು, ತಡವರಿಸುತ್ತ ಬಂದು, ಮಂಗೇಶನ ತಲೆಯ ಮೇಲೆ ಕೈಯಿಟ್ಟ. ಕಪ್ಪು ಕನ್ನಡಕದ ಕೆಳಗಿಂದ ಮುದುಕನ ಕೆನ್ನೆ ಒದ್ದೆಯಾಗಿತ್ತು.

"ತಮಾ, ನಂಗೆ ಕಣ್ಣು ಕಾಣೂದಿಲ್ಲ, ಕಿವಿ ಕೇಳ್ತದೆ," ಅಂದ. "ನಿಮ್ಮಪ್ಪನ ಪಾಳಿ ಇನ್ನು ನಿಮ್ಮ ಮನೆಯಿಂದ ಯಾರೂ ತೆಗೆಯೂಕಾಗೂದಿಲ್ಲ. ಇದು ನನ್ನ ಮಾತು."

ಮಂಗೇಶನ ಕಾಲು ನೆಲಕ್ಕೆ ತಾಗಲಿಲ್ಲ. ಗೆದ್ದೆ ಅಂದುಕೊಂಡ. ವಿಕಾಸ ಕೂಡ ಖುಷಿಯಿಂದ ಅವನ ಬೆನ್ನು ತಟ್ಟಿದ. ಆಗ ಕಾಕಾ ಜನರತ್ತ ತಿರುಗಿದ. ಮಧ್ಯಾಹ್ನದಲ್ಲಿ ಮಂಟಪ ತುಂಬಿದ ದಿನ ತಾನು ಏನು ಮಾಡುತ್ತೇನೆಂದು ಹೇಳಿದ್ದೆ, ಅದು ಎಲ್ಲರಿಗೂ ನೆನಪಿದೆಯಲ್ಲ ಎಂದು ಕೇಳಿದ.

ನೆನಪಾಯಿತು. ಮುಂದಿನ ಪಾಳಿಯವರ ತಾಳವೂ ತಗ್ಗಿತು.

ಭಟ್ಟರು ದೇವರ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವಿನ ಎಸಳು ಅಂಟಿಸಿದರು. ಪ್ರಸಾದ ಕೇಳುವುದು ಎಂದರೆ ಇದೇ: ಬಲಗಡೆಯ ಎಸಳು ಮೊದಲು ಬಿದ್ದರೆ ದೇವರು ಹೌದೆಂದ ಹಾಗೆ, ಎಡಗಡೆಯದು ಬಿದ್ದರೆ ಬೇಡವೆಂದ ಹಾಗೆ. ನಾಳೆಯಿಂದಲೇ ಇನ್ನೊಂದು ಸಪ್ತಾಹ ಕೂಡಿಸೋಣವೇ ಎಂದು ಕಾಕಾ ಗಟ್ಟಿಯಾಗಿ ಕೇಳಿದ. ಯಾರೂ ಬೇಡ ಅನ್ನುವಂತಿರಲಿಲ್ಲ. ಅನ್ನಬೇಕಾದರೆ ಇವತ್ತು ಯಾಕೆ ಬಂದಿರಿ ಎಂಬ ಪ್ರಶ್ನೆ ಬರುತ್ತಿತ್ತು, ಆಗ ತವೆಯ ಕತೆ ಹೇಳಬೇಕಾಗುತ್ತಿತ್ತು. ಇಡೀ ಕೇರಿ ಬಾಯಿ ಮುಚ್ಚಿ, ಕೈ ಮುಗಿದು, ಎಡಗಡೆಯ ಎಸಳನ್ನೇ ನೋಡುತ್ತ ನಿಂತಿತು. ಏಳು ದಿನದಲ್ಲಿ ಯಾರೂ ಅಷ್ಟು ಮನಸ್ಸಿಟ್ಟು ಬೇಡಿಕೊಂಡಿರಲಿಲ್ಲ.

ಬಲಗಡೆಯ ಎಸಳು ಕಾದು ಕೂತಿದ್ದಂತೆ ಪಟಕ್ಕನೆ ಬಿತ್ತು.

ಕಾಕಾ ಸಂತೋಷದಿಂದ ಗಂಟೆ ಬಾರಿಸಿದ. ಮುಂದಿನ ಏಳು ದಿನವೂ ಮಧ್ಯಾಹ್ನದ ಪಾಳಿ ಮಂಗೇಶನದೇ ಎಂದ. ಆ ಟ್ಯಾಬು ಮಾತ್ರ ಇದೇ ರೀತಿ ಬೀಗ ಹಾಕಿಕೊಂಡೇ ಬರಬೇಕು ಎಂದ.

ಮನೆಗೆ ಬಂದವನೇ ಮಂಗೇಶ ಟ್ಯಾಬನ್ನು ಹೆಂಡತಿಯ ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡ. ರೂಪಾಲಿ ಬೈಯಲಿಲ್ಲ. ಪರದೆಯ ಮೇಲೆ ಹುರಿಯುತ್ತಿದ್ದುದನ್ನು ಹತ್ತಿರ ಹಿಡಿದು ಕೊನೆಯ ತುಂಡಿನ ತನಕ ನೋಡಿದಳು. ಆಮೇಲೆ ನಾಲ್ಕು ಅಂಕಿ ಒತ್ತಿದಳು, ಬೀಗ ಬಿಟ್ಟಿತು. ಅದು ಯಾವ ನಂಬರು ಎಂದು ಅವನು ಕೇಳಿದ.

"ಸೋಮಿ ಫೋನಿನ ಕೊನೇ ನಾಕು ನಂಬರು," ಅಂದಳು ಅವಳು, ಮುಖ ಆಚೆ ಮಾಡಿ. "ಬೆಳಿಗ್ಗೆ ನಂಗೆ ಬೇರೆ ಎಂತದೂ ನೆನಪಿಗೇ ಬರಲಿಲ್ಲ."

ಹಾಗಂದವಳು ನಂಬರು ಬದಲಿಸಿ, ಭಜನೆಯ ಆ್ಯಪ್ ತೆರೆದು, ಗುಂಡಿ ಮೂರು ಸಲ ಒತ್ತಿ ಅವನ ಕೈಗೆ ಕೊಟ್ಟಳು. ಇನ್ನು ಈ ನಂಬರು ಜೋಡು ಸಪ್ತಾಹ ಮುಗಿದ ಮೇಲೇ ಅಂದಳು. ಬೊಬ್ರುವಾಡದ ಅತ್ತೆ ಅಳಿಯನ ಭಜನೆ ದಿನವೂ ಕೇಳಬೇಕೆಂದು ಉಳಿದುಬಿಟ್ಟಿದ್ದಳು. ಅಡುಗೆಮನೆಯಲ್ಲಿ ನಾಳೆಗೆ ಹೆಸರುಕಾಳು ನೆನೆಹಾಕುತ್ತಿದ್ದಳು.

ಗೋಡೆಯ ಆಚೆಯಿಂದ ವಿಕಾಸ ತಲೆ ಎತ್ತಿದ. ಆಚೀಚೆ ನೋಡಿ, ನಾಳೆ ಶೆಟ್ಲಿಯಿಂದ ಶುರು ಮಾಡು ಮಾರಾಯಾ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ ಎಂದು ಪಿಸುಗುಟ್ಟಿ ಮುಳುಗಿದ. ಅವನಿಗೆ ಹೇಗೆ ಹೇಳುವುದೆಂದು ಮಂಗೇಶ ಯೋಚಿಸುತ್ತಿರುವಾಗಲೇ ಗುಂಡಿ ಫೋನು ಬಡಿದುಕೊಂಡಿತು. ಸೋಮಿ.

ಇಂಥ ಇಸವಾಣ ಈ ವರ್ಷ ಬಲೆಗೆ ಬಿದ್ದಿಲ್ಲ, ನಿಮಗೇ ಅಂತ ತೆಗೆದಿಟ್ಟಿದ್ದೆ, ಈಗ ಜೋಡು ಸಪ್ತಾಹ ಅಂತಾರಲ್ಲ, ಬೇರೆ ಕೇರಿಗೆ ಕೊಡಬೇಕಾಯಿತು ಎಂದು ಅವಳು ಮರುಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಅವಳೇ ಸಮಾಧಾನ ಹೇಳಿದಳು: "ಬೇಜಾರು ಮಾಡ್ಕಬೇಡಿ. ಕೊಡೂಕೆ ಮೊದಲು ಒಂದು ಫೋಟೋ ತೆಗ್ಸಿ ನಿಮ್ಮ ಟ್ಯಾಬಿಗೆ ಕಳಿಸಿದ್ದೆ. ಕಣ್ಣು ತುಂಬಾ ನೋಡ್ಕಳಿ."

ಮಂಗೇಶ ಟ್ಯಾಬು ನೋಡಿದ. ಮೇಲೆ ಉಜ್ಜಿದ, ಕೆಳಗೆ ಉಜ್ಜಿದ. ಭಜನೆಯ ಪದಗಳು ಒಂದರ ಹಿಂದೊಂದು ಸಾಲಾಗಿ ಬಂದವು. ಬೇರೇನೂ ಬರಲಿಲ್ಲ. ಅವನು ಜಗಲಿಯಲ್ಲಿ ಕೂತು, ಹೊಟ್ಟೆಯ ಉರಿಯನ್ನೆಲ್ಲ ಗಂಟಲಿಗೆ ತಂದು ಮೊದಲನೆಯ ಪದ ಎತ್ತಿದ. ದೇವಸ್ಥಾನದ ಕಟ್ಟೆಯಲ್ಲಿ ಕೂತಿದ್ದ ಜಟ್ಟಪ್ಪ ಕಾಕಾ ಅದನ್ನು ಕೇಳಿ, ಇವನ ಭಕ್ತಿ ನೋಡಿದರೆ ಮೂರನೆಯ ಸಪ್ತಾಹಕ್ಕೂ ಒಂದು ಸಲ ಪ್ರಸಾದ ಕೇಳಿ ನೋಡಬಹುದು ಎಂದು ಪಕ್ಕದವರಿಗೆ ಹೇಳುತ್ತಿದ್ದ.